48 ಕಿಲೋಬೈಟಿನ ಸಂಸಾರ: ಹಳೆಯ ಗೃಹ ಕಂಪ್ಯೂಟರ್ ಆಟಗಳ ಸೊಗಸು ಮತ್ತು ಕಾಟ

ಹೆಂಚಿನ ಮೇಲೆ ಜೂನ್ ತಿಂಗಳ ಮಳೆ ಒಂದೇ ಸಮ ಹೊಯ್ಯುತ್ತಿದ್ದ ಸಂಜೆಗಳಲ್ಲಿ, ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಜಗಲಿಗೆ ತಾಗಿದ ಕೋಣೆಯಿಂದ ಇನ್ನೊಂದು ಸದ್ದೂ ಹೊರಡುತ್ತಿತ್ತು. ಟೇಪ್ ರೆಕಾರ್ಡರಿನಿಂದ ಬರುತ್ತಿದ್ದ ಆ ಕೀರಲು ದನಿಯನ್ನು ಅಜ್ಜಿ ಜೀರುಂಡೆ ಎಂದೇ ಕರೆಯುತ್ತಿದ್ದರು. 1980ರ ದಶಕದ ಕೊನೆಯಲ್ಲಿ ದೊಡ್ಡಪ್ಪನ ಮಗ, ನನಗೆ ಅಣ್ಣ, ಬೆಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಝಡ್ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಗೃಹ ಕಂಪ್ಯೂಟರನ್ನು ತಂದಿದ್ದ. ನಮ್ಮೂರಿನ ರೇಡಿಯೋ ರಿಪೇರಿಯವರು ಅದರೊಳಗಿನಿಂದ ಒಂದು ತಂತಿ ಎಳೆದು ಮನೆಯ ಕಪ್ಪು ಬಿಳುಪು ಟಿ.ವಿ.ಗೆ ಜೋಡಿಸಿಕೊಟ್ಟಿದ್ದರು. ಆಟವೊಂದು ಕ್ಯಾಸೆಟ್ಟಿನಿಂದ ಯಂತ್ರದ ನೆನಪಿಗೆ ಇಳಿಯಲು ನಾಲ್ಕೈದು ನಿಮಿಷ ಬೇಕಾಗುತ್ತಿತ್ತು. ಅಷ್ಟೂ ಹೊತ್ತು ಕಾದ ಮೇಲೆ, ಕೊನೆಯ ಕ್ಷಣದಲ್ಲಿ ‘ಆರ್ ಟೇಪ್ ಲೋಡಿಂಗ್ ಎರರ್’ ಎಂಬ ಒಂದು ಸಾಲು ಪರದೆಯ ತಳದಲ್ಲಿ ಮೂಡಿದರೆ ಎಲ್ಲವೂ ಮುಗಿದಂತೆ. ‘ಇರು ಮಾರಾಯ, ಇನ್ನೊಂದ್ಸಲ ಹಾಕನ’ ಎಂದು ಅಣ್ಣ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತುತ್ತಿದ್ದ.

ಈಗ ಶಿವಮೊಗ್ಗದಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವಾಗ ಅವರು ಕೇಳುವ ಪ್ರಶ್ನೆ ಸಹಜವಾದದ್ದು: ಇಷ್ಟು ಕಾಟ ಕೊಡುವ ಆಟಗಳನ್ನು ಯಾಕೆ ಆಡುತ್ತಿದ್ದಿರಿ, ಈಗಲೂ ಯಾಕೆ ಆಡುತ್ತೀರಿ? ಬಾಲ್ಯದ ನೆನಪು ಎಂದು ಉತ್ತರಿಸಿ ಸುಮ್ಮನಾಗಬಹುದು. ಆದರೆ ಆ ಉತ್ತರ ನನಗೆ ಸಾಲದು. ಆ ಆಟಗಳಲ್ಲಿ ನಮ್ಮನ್ನು ಕಾಡಿದ್ದು ಯಾವುದೋ ಮರುಳು ಮಾಡಿದ್ದೂ ಅದೇ, ಅಂದರೆ ಯಂತ್ರದ ಕಡು ಬಿಗಿಯಾದ ಜಮಾಖರ್ಚು. ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿದರೆ ಆಟದ ಪ್ರತಿಯೊಂದು ವಿಚಿತ್ರಕ್ಕೂ ಕಾರಣ ಸಿಗುತ್ತದೆ.

ಮೊದಲು ಪರದೆಯ ಲೆಕ್ಕವನ್ನು ನೋಡೋಣ. 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆ ಸ್ಪೆಕ್ಟ್ರಮ್ ಅನ್ನು ಮಾರುಕಟ್ಟೆಗೆ ತಂದಾಗ ಅದರ ದೊಡ್ಡ ಮಾದರಿಯಲ್ಲಿ ಇದ್ದದ್ದು 48 ಕಿಲೋಬೈಟ್ ನೆನಪು, ಅಂದರೆ 49,152 ಬೈಟ್. ಅದರ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕಿಗಳು. ಗುಣಿಸಿದರೆ ಬರುವುದೂ 49,152. ಚುಕ್ಕಿಗೊಂದು ಬೈಟ್ ಕೊಟ್ಟಿದ್ದರೆ ಇಡೀ ಆಸ್ತಿ ಪರದೆಗೇ ಹೋಗಿ, ಆಟಕ್ಕೆ ಒಂದು ಬೈಟೂ ಉಳಿಯುತ್ತಿರಲಿಲ್ಲ. 16 ಬಣ್ಣಗಳಿಗೆ ಬೇಕಾಗುವ ಅರ್ಧ ಬೈಟ್ ಕೊಟ್ಟರೂ ಆಸ್ತಿಯ ಅರ್ಧ ಕರಗುತ್ತಿತ್ತು. ಹಾಗಾಗಿ ವಿನ್ಯಾಸಕಾರರು ಚುಕ್ಕಿಗೆ ಒಂದೇ ಬಿಟ್, ಅಂದರೆ ಬೈಟಿನ ಎಂಟರಲ್ಲೊಂದು ಪಾಲು, ಕೊಟ್ಟರು: ಹೊತ್ತಿದೆ ಅಥವಾ ಆರಿದೆ, ಅಷ್ಟೆ. ಅದಕ್ಕೆ 6,144 ಬೈಟ್ ಸಾಕಾಯಿತು. ಬಣ್ಣವನ್ನು ಚುಕ್ಕಿಗೆ ಕೊಡದೆ ಎಂಟಕ್ಕೆ ಎಂಟು ಚುಕ್ಕಿಗಳ ಒಂದೊಂದು ಚೌಕಕ್ಕೆ ಕೊಟ್ಟರು. ಪರದೆಯಲ್ಲಿ ಅಂಥ 768 ಚೌಕಗಳಿವೆ. ಪ್ರತಿ ಚೌಕಕ್ಕೆ ಒಂದು ಬೈಟ್. ಅದರಲ್ಲಿ ಮೂರು ಬಿಟ್ ಗೆರೆಯ ಬಣ್ಣಕ್ಕೆ, ಮೂರು ಬಿಟ್ ಹಿನ್ನೆಲೆಯ ಬಣ್ಣಕ್ಕೆ, ಒಂದು ಹೊಳಪಿಗೆ, ಇನ್ನೊಂದು ಮಿನುಗಿಗೆ. ಒಟ್ಟು 6,912 ಬೈಟಿನಲ್ಲಿ ಬಣ್ಣದ ಪರದೆ ಸಿದ್ಧವಾಯಿತು.

ಈ ಉಳಿತಾಯಕ್ಕೆ ತೆತ್ತ ಬೆಲೆ ಎಂಥದೆಂಬುದು ಅಣ್ಣ ಮತ್ತು ನಾನು ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನಮ್ಮದೇ ಒಂದು ಆಟದಲ್ಲಿ ನನಗೆ ಸ್ಪಷ್ಟವಾಯಿತು. ಕೊನೆಗೌಡ ಅಡಿಕೆ ಮರ ಏರಿ, ಗೊನೆ ಕೊಯ್ದು, ಕೆಂಜಿಗದ ಗೂಡು ತಪ್ಪಿಸಿಕೊಂಡು ಇಳಿದು ಬರುವ ಆಟ ಅದು. ಸ್ಪೆಕ್ಟ್ರಮ್‌ನಲ್ಲಿ ನಮ್ಮದೇ ಚಿತ್ರ ಬರೆಯಲು ಎಂಟಕ್ಕೆ ಎಂಟರ 21 ಚೌಕಗಳನ್ನು ಬಿಟ್ಟುಕೊಟ್ಟಿದ್ದರು. ಚೌಕುಳಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಮನೆಗಳನ್ನು ತುಂಬಿ, ತುಂಬಿದ ಮನೆಗಳಿಗೆ ಬಲದಿಂದ 1, 2, 4, 8 ಎಂದು ಇಮ್ಮಡಿಸುತ್ತ ಹೋಗುವ ಬೆಲೆ ಕೊಟ್ಟು ಕೂಡಿ, ಪ್ರತಿ ಅಡ್ಡಸಾಲನ್ನೂ ಒಂದು ಸಂಖ್ಯೆಯಾಗಿ ಬದಲಿಸಿದಾಗ ನಮ್ಮ ಕೊನೆಗೌಡ 24, 24, 126, 24, 24, 36, 36, 66 ಎಂಬ ಎಂಟು ಸಂಖ್ಯೆಗಳಾದ. ಮೊದಲ ಎರಡು 24 ಅವನ ತಲೆ, 126 ಅಗಲಿಸಿದ ಕೈಗಳು, ಕೊನೆಯ 66 ನೆಲಕ್ಕೆ ಊರಿದ ಎರಡು ಪಾದ. ಒಬ್ಬ ಮನುಷ್ಯನನ್ನು ಎಂಟು ಬೈಟಿನಲ್ಲಿ ಹಿಡಿದಿಟ್ಟ ಆ ಸಂಜೆಯ ಸಂಭ್ರಮ ಇವತ್ತಿಗೂ ನನ್ನಲ್ಲಿ ತಣಿದಿಲ್ಲ. (ಆಟದ ಹೆಸರನ್ನು ಕನ್ನಡದಲ್ಲೇ ತೋರಿಸಬೇಕೆಂದು ಹೊರಟೆವು. ನಮ್ಮ ದುಂಡು ಅಕ್ಷರಗಳು ಎಂಟು ಚುಕ್ಕಿಗಳ ಅಗಲದಲ್ಲಿ ಕೂರಲಿಲ್ಲ. ಅಕ್ಷರಕ್ಕೆ ನಾಲ್ಕು ಚೌಕ ಕೊಟ್ಟರೆ ಚಿತ್ರಕ್ಕೆ ಚೌಕ ಉಳಿಯಲಿಲ್ಲ.)

ನಮ್ಮ ಟಿ.ವಿ.ಯಲ್ಲಿ ಬಣ್ಣಗಳೆಲ್ಲ ಬೂದು ಛಾಯೆಗಳಾಗಿ ಕಾಣುತ್ತಿದ್ದವು. ಸ್ಪೆಕ್ಟ್ರಮ್‌ನ ಬಣ್ಣಗಳ ಅನುಕ್ರಮ ಕಪ್ಪು, ನೀಲಿ, ಕೆಂಪು, ಮೆಜೆಂಟಾ, ಹಸಿರು, ಸಯಾನ್, ಹಳದಿ, ಬಿಳಿ ಎಂದಿರುವುದರಿಂದ, ಕಪ್ಪು ಬಿಳುಪು ಪರದೆಯಲ್ಲಿಯೂ ಅವು ಮೆಟ್ಟಿಲು ಮೆಟ್ಟಿಲಾಗಿ ಬೆಳಗುತ್ತ ಹೋಗುತ್ತವೆ. ಇಂಥ ದೂರದೃಷ್ಟಿಯನ್ನು ಕಂಡಾಗಲೆಲ್ಲ ಆ ವಿನ್ಯಾಸಕಾರರ ಮೇಲೆ ಗೌರವ ಹೆಚ್ಚುತ್ತದೆ. ರಜೆಯಲ್ಲಿ ಯಂತ್ರವನ್ನು ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಅತ್ತೆಯ ಮನೆಗೆ ಒಯ್ದು ಬಣ್ಣದ ಟಿ.ವಿ.ಗೆ ಜೋಡಿಸಿದ ದಿನ ಮಾತ್ರ ಆಘಾತ ಕಾದಿತ್ತು. ಬಿಳಿಯ ಕೊನೆಗೌಡ ಹಸಿರು ಮರವನ್ನು ಮುಟ್ಟಿದ ಕೂಡಲೇ ತಾನೂ ಹಸಿರಾಗಿ ಮರದಲ್ಲಿ ಕರಗಿಹೋದ. ಒಂದು ಚೌಕದಲ್ಲಿ ಗೆರೆಗೆ ಒಂದೇ ಬಣ್ಣವೆಂದ ಮೇಲೆ, ಮರ ಮತ್ತು ಮನುಷ್ಯ ಅಲ್ಲಿ ಒಟ್ಟಿಗೆ ನಿಂತರೆ ಇಬ್ಬರಿಗೂ ಅದೇ ಬಣ್ಣ. ಸ್ಪೆಕ್ಟ್ರಮ್ ಬಳಗದಲ್ಲಿ ಇದನ್ನು ಕಲರ್ ಕ್ಲ್ಯಾಶ್ ಎನ್ನುತ್ತಾರೆ. ಒಳ್ಳೆಯ ಆಟಗಳ ಕರ್ತೃಗಳು ಈ ದೋಷವನ್ನೇ ಶೈಲಿಯಾಗಿಸಿಕೊಂಡರು. 1984ರಲ್ಲಿ ಬಂದ ನೈಟ್ ಲೋರ್ ಆಟದಲ್ಲಿ ಪ್ರತಿ ಕೋಣೆಯನ್ನೂ ಕಪ್ಪು ಹಿನ್ನೆಲೆಯ ಮೇಲೆ ಒಂದೇ ಬಣ್ಣದಲ್ಲಿ ಬರೆಯಲಾಗಿದೆ. ಬಣ್ಣವನ್ನು ತ್ಯಾಗ ಮಾಡಿದ್ದರಿಂದ ಉದ್ದ, ಅಗಲ, ಎತ್ತರ ಮೂರೂ ಇರುವ ಕೋಣೆಗಳು ಆ ಪುಟ್ಟ ಪರದೆಯಲ್ಲಿ ಸಾಧ್ಯವಾದವು.

ಸದ್ದಿನ ಕಥೆ ಇದಕ್ಕಿಂತ ಚಿಕ್ಕದು. 48 ಕಿಲೋಬೈಟ್ ಸ್ಪೆಕ್ಟ್ರಮ್‌ನಲ್ಲಿ ಸಂಗೀತಕ್ಕೆಂದು ಬೇರೆ ಚಿಪ್ ಇಲ್ಲ. ಪ್ರೊಸೆಸರೇ ಸ್ಪೀಕರನ್ನು ತಳ್ಳುತ್ತ, ಎಳೆಯುತ್ತ ಸದ್ದು ಹುಟ್ಟಿಸಬೇಕು. ಹಾಡುವಾಗ ಅದಕ್ಕೆ ಆಟ ನಡೆಸಲು ಕೈ ಬಿಡುವಿರುವುದಿಲ್ಲ. ಚಲನೆಯ ನಡುನಡುವೆ ಚೂರು ಚೂರು ಸದ್ದನ್ನು ತುರುಕಿ ಆಟದೊಳಗೂ ರಾಗ ಕೇಳಿಸಿದ್ದು 1983ರಲ್ಲಿ ಮ್ಯಾಥ್ಯೂ ಸ್ಮಿತ್ ಬರೆದ ಮ್ಯಾನಿಕ್ ಮೈನರ್. ಅದೇ ಕಾಲದ ಕಮೊಡೋರ್ 64 ಎಂಬ ಇನ್ನೊಂದು ಗೃಹ ಕಂಪ್ಯೂಟರಿನಲ್ಲಿ ಮೂರು ದನಿಗಳ ಸಿಡ್ ಚಿಪ್ಪೂ, ಹಿನ್ನೆಲೆಗೆ ಅಂಟದೆ ಚಲಿಸುವ ಸ್ಪ್ರೈಟ್ ಎಂಬ ಎಂಟು ಚಿತ್ರಗಳೂ ಇದ್ದವು. ಅದರ ಸಂಗೀತ ಇಂದಿಗೂ ಕೇಳುವಂತಿದೆ.

ಇನ್ನು ಕ್ಯಾಸೆಟ್ಟು. ಹೆಚ್ಚು ಜನ ಶಪಿಸಿದ್ದೂ, ಹೆಚ್ಚು ತಪ್ಪಾಗಿ ತಿಳಿದದ್ದೂ ಇದನ್ನೇ. ಟೇಪಿನ ಮೇಲೆ 0 ಮತ್ತು 1 ಎರಡೂ ಸದ್ದಿನ ಅಲೆಗಳೇ. 1ರ ಅಲೆ 0ಯ ಅಲೆಗಿಂತ ಎರಡರಷ್ಟು ಉದ್ದ. ಯಂತ್ರ ಪ್ರತಿಯೊಂದು ಅಲೆಯ ಉದ್ದವನ್ನು ಅಳೆದು, ಗಿಡ್ಡವಾದರೆ 0, ಉದ್ದವಾದರೆ 1 ಎಂದು ಬರೆದುಕೊಳ್ಳುತ್ತದೆ. ಮೊದಲು ಕೇಳುವ ಏಕನಾದ, ಅಂದರೆ ಅಜ್ಜಿಯ ಜೀರುಂಡೆ, ಯಂತ್ರ ಹೊಂದಿಕೊಳ್ಳಲು ಕೊಡುವ ಮುನ್ಸೂಚನೆ. ಆಗ ಪರದೆಯ ಅಂಚಿನಲ್ಲಿ ಕೆಂಪು ಮತ್ತು ಸಯಾನ್ ಪಟ್ಟೆಗಳು ಓಡುತ್ತವೆ. ನಿಜವಾದ ಮಾಹಿತಿ ಶುರುವಾದಾಗ ಪಟ್ಟೆಗಳು ನೀಲಿ ಮತ್ತು ಹಳದಿಯಾಗಿ ದನಿ ಒರಟಾಗುತ್ತದೆ. ಸೆಕೆಂಡಿಗೆ ಸುಮಾರು 1,400 ಬಿಟ್‌ಗಳಂತೆ ಇಳಿಯುವುದರಿಂದ ನೆನಪು ತುಂಬಲು ಹೆಚ್ಚುಕಡಿಮೆ ಐದು ನಿಮಿಷ ಬೇಕು. ವೇಗ ಹೆಚ್ಚಿಸಿದರೆ ಅಲೆಗಳು ಗಿಡ್ಡವಾಗಿ, ಅಗ್ಗದ ಟೇಪ್ ರೆಕಾರ್ಡರಿನಲ್ಲಿ ಒಂದಕ್ಕೊಂದು ವ್ಯತ್ಯಾಸ ತಿಳಿಯದಂತಾಗುತ್ತವೆ. ಮನೆಯಲ್ಲಿ ಹಾಡು ಕೇಳುವ ಯಂತ್ರದಿಂದಲೇ ಕೆಲಸ ಆಗಬೇಕೆಂಬ ಹಟದಿಂದ ಬಂದದ್ದು ಈ ನಿಧಾನ.

ಹಾಗಾದರೆ ತಪ್ಪಿನ ಸುದ್ದಿ ಕೊನೆಯಲ್ಲೇ ಏಕೆ ಬರುತ್ತಿತ್ತು? ಟೇಪಿನಲ್ಲಿರುವ ಬೈಟ್‌ಗಳನ್ನು ಒಂದರ ಕೆಳಗೊಂದು ಬರೆದಂತೆ ಊಹಿಸಿಕೊಳ್ಳಿ. ಪ್ರತಿ ಬೈಟಿನಲ್ಲಿ ಎಂಟು ಬಿಟ್ ಇರುವುದರಿಂದ ಎಂಟು ಕಂಬಸಾಲುಗಳಾಗುತ್ತವೆ. ಪ್ರತಿ ಕಂಬಸಾಲಿನಲ್ಲೂ 1ಗಳ ಎಣಿಕೆ ಸಮಸಂಖ್ಯೆಯಾಗುವಂತೆ ಎಲ್ಲಕ್ಕೂ ಕೆಳಗೆ ತಾಳೆಯ ಬೈಟ್ ಒಂದನ್ನು ಸೇರಿಸಿರುತ್ತಾರೆ. ಓದುವ ಯಂತ್ರ ಪ್ರತಿ ಕಂಬಸಾಲಿನ ಎಣಿಕೆ ಸಮವಾದರೆ 0, ಬೆಸವಾದರೆ 1 ಎಂದು ಲೆಕ್ಕ ಇಡುತ್ತ ಬಂದು, ಕೊನೆಯ ಬೈಟ್ ಸೇರಿದ ಮೇಲೆ ಎಲ್ಲ ಸಾಲಿನಲ್ಲೂ ಸೊನ್ನೆ ಉಳಿದರೆ ಒಪ್ಪುತ್ತದೆ. ಉಳಿಯದಿದ್ದರೆ ಎಲ್ಲವನ್ನೂ ತಿರಸ್ಕರಿಸುತ್ತದೆ. ಎರಡನೆಯ ನಿಮಿಷದಲ್ಲೇ ಒಂದು ಬಿಟ್ ಕೆಟ್ಟಿದ್ದರೂ ತಾಳೆ ನೋಡುವ ಅವಕಾಶ ಕೊನೆಗೇ ಬರುವುದು. ಕೆಟ್ಟ ಬಿಟ್‌ಗೆ ಕಾರಣಗಳು ನಮ್ಮಲ್ಲಿ ಹೇರಳವಾಗಿದ್ದವು. ಸೆಲ್ಲು ಸೋತರೆ ಮೋಟಾರು ನಿಧಾನವಾಗಿ ಅಲೆಗಳೆಲ್ಲ ಉದ್ದವಾಗುತ್ತಿದ್ದವು. ಟೇಪಿನ ಹೆಡ್ ಕೂದಲೆಳೆಯಷ್ಟು ವಾರೆಯಾದರೆ ದನಿ ಮಂಕಾಗುತ್ತಿತ್ತು. ಸಣ್ಣ ತಿರುಪುಳಿಯಿಂದ ಅದರ ಸ್ಕ್ರೂ ತಿರುಗಿಸುತ್ತ, ದನಿ ಮೊನಚಾಗುವ ಜಾಗವನ್ನು ಕಿವಿಯಿಂದಲೇ ಹುಡುಕಬೇಕಿತ್ತು. ಎಲ್ಲಕ್ಕಿಂತ ಮಿಗಿಲಾದದ್ದು ಮಲೆನಾಡಿನ ಥಂಡಿ. ಆಷಾಢ ಮುಗಿಯುವಷ್ಟರಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಹಿಡಿಯುತ್ತಿತ್ತು. ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ದಿಲ ಚೂರುಗಳ ಜೊತೆ ಕ್ಯಾಸೆಟ್ಟುಗಳನ್ನು ಇಡುವುದನ್ನು ಅಮ್ಮ ಹೇಳಿಕೊಟ್ಟರು. ಕರೆಂಟು ಹೋದರಂತೂ 48 ಕಿಲೋಬೈಟೂ ಒಂದೇ ಕ್ಷಣದಲ್ಲಿ ಖಾಲಿ; ಮಳೆಗಾಲದ ಸಂಜೆಯಲ್ಲಿ ಅದು ಎಷ್ಟು ಸಲ ಹೋಗುತ್ತದೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಟದೊಳಗಿನ ಜಾಗದ ಲೆಕ್ಕಕ್ಕೆ ಮ್ಯಾನಿಕ್ ಮೈನರ್ ಮತ್ತು ಅದರ ಮುಂದಿನ ಭಾಗವಾದ 1984ರ ಜೆಟ್ ಸೆಟ್ ವಿಲ್ಲಿಯನ್ನು ಅಕ್ಕಪಕ್ಕ ಇಟ್ಟು ನೋಡುವುದು ಉಪಯುಕ್ತ. ಮೊದಲನೆಯದರಲ್ಲಿ 20 ಗುಹೆಗಳು; ಪ್ರತಿ ಗುಹೆಗೆ 1,024 ಬೈಟ್. ಎರಡನೆಯದರಲ್ಲಿ ಸ್ಮಿತ್ ಒಂದು ಕೋಣೆಯನ್ನು 256 ಬೈಟಿಗೆ ಇಳಿಸಿದರು. ಕೋಣೆಯ 512 ಚೌಕಗಳಲ್ಲಿ ಪ್ರತಿಯೊಂದಕ್ಕೂ ಎರಡೇ ಬಿಟ್ ಕೊಟ್ಟದ್ದರಿಂದ ಇಡೀ ನಕ್ಷೆ 128 ಬೈಟಿನಲ್ಲಿ ಮುಗಿಯಿತು. ಎರಡು ಬಿಟ್ ಎಂದರೆ ನಾಲ್ಕು ಬಗೆಯ ಚೌಕ: ಬಯಲು, ನೆಲ, ಗೋಡೆ, ಮುಟ್ಟಿದರೆ ಸಾಯುವ ಜಾಗ. ಈ ಜಿಪುಣತನದಿಂದ 60 ಕೋಣೆಗಳ ಬಂಗಲೆಯೊಂದು ಎದ್ದು ನಿಂತಿತು, ಮತ್ತು ಅದರಲ್ಲಿ ಎತ್ತ ಬೇಕಾದರೂ ಅಲೆದಾಡುವ ಸ್ವಾತಂತ್ರ್ಯ ಸಿಕ್ಕಿತು. ಮುಂದಿನ ಬಾಗಿಲಿನಾಚೆ ಏನಿದೆ ಎಂಬ ಆಸೆಯೇ ಅದರ ಜೀವಾಳ.

ಅದೇ ಬಿಗಿತದಲ್ಲಿ ಒಂದು ದೊಡ್ಡ ದೋಷವೂ ಅಡಗಿತ್ತು. ಬಂಗಲೆಯ ಅಟ್ಟಕ್ಕೆ ಹೋದರೆ ಅಲ್ಲಿ ಹಾರುವ ಬಾಣವೊಂದು ಪರದೆಯ ನೆನಪಿನ ಗಡಿ ದಾಟಿ, ಆಚೆಗಿದ್ದ ಆಟದ ಮಾಹಿತಿಯ ಮೇಲೆಯೇ ಬರೆದುಬಿಡುತ್ತಿತ್ತು. ಅಲ್ಲಿಂದ ಮುಂದೆ ಕೆಲವು ಕೋಣೆಗಳಿಗೆ ಕಾಲಿಟ್ಟ ಕೂಡಲೇ ಸಾವು. ಅಂದರೆ ಆಟವನ್ನು ಪೂರ್ತಿ ಮಾಡುವುದು ಅಸಾಧ್ಯವಾಗಿತ್ತು. ಪ್ರಕಾಶಕರು ಮೊದಲು ಅದನ್ನು ಬೇಕೆಂದೇ ಇಟ್ಟದ್ದೆಂದು ಸಮರ್ಥಿಸಿಕೊಂಡು, ಆಮೇಲೆ ತಿದ್ದುಪಡಿಯನ್ನು ಪ್ರಕಟಿಸಿದರು. ತಿದ್ದುಪಡಿಯ ರೂಪವೂ ಆ ಕಾಲದ್ದೇ: ಪೋಕ್ ಎಂಬ ಆಜ್ಞೆಯಿಂದ ನೆನಪಿನ ಇಂಥ ವಿಳಾಸದಲ್ಲಿ ಇಂಥ ಸಂಖ್ಯೆ ಇಡಿ ಎಂಬ ಸಾಲುಗಳು. ನಾವು ನೋಟ್‌ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ ‘ಪೋಕ್ 35136,0’ ಮ್ಯಾನಿಕ್ ಮೈನರ್‌ನಲ್ಲಿ ಮುಗಿಯದ ಜೀವಗಳನ್ನು ಕೊಡುತ್ತಿತ್ತು. ಆ ವಿಳಾಸದಲ್ಲಿರುವುದು ‘ಒಂದು ಜೀವ ಕಳೆ’ ಎಂಬ ಆಜ್ಞೆ; ಅದರ ಜಾಗದಲ್ಲಿ ಸೊನ್ನೆ ಇಟ್ಟರೆ, ಸ್ಪೆಕ್ಟ್ರಮ್‌ನ ಝಡ್80 ಪ್ರೊಸೆಸರಿನ ಭಾಷೆಯಲ್ಲಿ ‘ಏನೂ ಮಾಡಬೇಡ’ ಎಂದಾಗುತ್ತದೆ. ಪ್ರೋಗ್ರಾಮ್ ಎಂದರೆ ಮುಟ್ಟಿ ಬದಲಿಸಬಹುದಾದ ಸಂಖ್ಯೆಗಳ ಸಾಲು ಎಂಬ ತಿಳಿವಳಿಕೆ ನನಗೆ ಬಂದದ್ದು ಯಾವ ತರಗತಿಯಿಂದಲೂ ಅಲ್ಲ, ಈ ಒಂದು ಸೊನ್ನೆಯಿಂದ.

ಕೊರತೆಯಿಂದ ವೈಭವ ಹುಟ್ಟಿದ್ದನ್ನು ನೋಡಬೇಕಾದರೆ 1984ರ ಎಲೈಟ್ ಆಟವನ್ನು ನೋಡಬೇಕು. ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಅದನ್ನು ಬರೆದದ್ದು 32 ಕಿಲೋಬೈಟಿನ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿಗಾಗಿ. (ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಡಿ ಬಂದದ್ದೂ ಇದೇ ಬಿಬಿಸಿ ಮೈಕ್ರೋ.) ಅದರಲ್ಲಿ ಎಂಟು ನಕ್ಷತ್ರಮಂಡಲಗಳು, ಒಂದೊಂದರಲ್ಲಿ 256 ಲೋಕಗಳು, ಒಟ್ಟು 2,048. ಹೆಸರು, ಸ್ಥಾನ, ಆಡಳಿತದ ಬಗೆ, ಸಂಪತ್ತು ಎಲ್ಲವನ್ನೂ ಬರೆದಿಟ್ಟಿದ್ದರೆ ಯಂತ್ರ ಎಂದೋ ತುಂಬಿಹೋಗುತ್ತಿತ್ತು. ಅವರು ಏನನ್ನೂ ಬರೆದಿಡಲಿಲ್ಲ. ಮೂರು ಸಂಖ್ಯೆಗಳನ್ನು, ಅಂದರೆ ಆರು ಬೈಟ್‌ಗಳನ್ನು, ಬೀಜವಾಗಿ ಇಟ್ಟು ಉಳಿದದ್ದನ್ನು ಬೆಳೆಸಿದರು. ಸಣ್ಣ ಉದಾಹರಣೆ ಕೊಡುತ್ತೇನೆ. 12, 47, 85 ತೆಗೆದುಕೊಳ್ಳಿ. ಮೂರನ್ನೂ ಕೂಡಿದರೆ 144. ಕೊನೆಯ ಎರಡು ಅಂಕಿ ಮಾತ್ರ ಉಳಿಸಿಕೊಂಡರೆ 44. ಈಗ ಕೊನೆಯ ಮೂರಾದ 47, 85, 44 ಕೂಡಿದರೆ 176, ಅಂದರೆ 76. ಹೀಗೇ ಮುಂದುವರಿದರೆ 05, 25 ಎಂದು ಸಾಲು ಬೆಳೆಯುತ್ತದೆ. ನೋಡಲು ಅಡ್ಡಾದಿಡ್ಡಿ; ಆದರೆ ಸಾಗರ ಪೇಟೆಯಲ್ಲಿ ಕೂತು ಕೂಡಿದರೂ ಲಂಡನ್ನಿನಲ್ಲಿ ಕೂತು ಕೂಡಿದರೂ ಅದೇ ಸಾಲು ಬರುತ್ತದೆ. ಆ ಸಂಖ್ಯೆಗಳ ತುಣುಕುಗಳಿಂದಲೇ ಲೋಕದ ಹೆಸರಿನ ಅಕ್ಷರಗಳನ್ನೂ ಗುಣಗಳನ್ನೂ ಆರಿಸಿದರೆ, ನೀವು ಒಮ್ಮೆ ಬಿಟ್ಟುಹೋದ ಲೋಕ ಮರಳಿ ಬಂದಾಗಲೂ ಹಾಗೆಯೇ ಇರುತ್ತದೆ, ಎಲ್ಲಿಯೂ ಬರೆದಿಟ್ಟಿರದಿದ್ದರೂ. ಇಷ್ಟು ಚೆಂದದ ಗಣಿತ ಆಟವೊಂದರ ಹೊಟ್ಟೆಯಲ್ಲಿ ಇರುವುದನ್ನು ಮಕ್ಕಳಿಗೆ ಕಪ್ಪು ಹಲಗೆಯ ಮೇಲೆ ತೋರಿಸಿದಾಗ ತರಗತಿ ಗಂಟೆ ಹೊಡೆದರೂ ಏಳುವುದಿಲ್ಲ.

ಶಿವಮೊಗ್ಗದ ನನ್ನ ಓರಗೆಯವರಿಗೆ ಹೆಚ್ಚು ಪರಿಚಿತವಾದ ಪ್ರಿನ್ಸ್ ಆಫ್ ಪರ್ಷಿಯಾದಲ್ಲೂ ಇಂಥದೇ ಒಂದು ಪ್ರಸಂಗವಿದೆ. ಹಳೆಯ ಪಿ.ಸಿ.ಗಳ ಡಾಸ್ ಪರದೆಯಲ್ಲಿ ನಾವು ಆಡಿದ ಆ ಆಟ ಮೊದಲು 1989ರಲ್ಲಿ ಆಪಲ್ 2 ಯಂತ್ರಕ್ಕೆ ಬಂದದ್ದು. ಜೋರ್ಡನ್ ಮೆಕ್ನರ್ ತನ್ನ ತಮ್ಮನ ಓಟವನ್ನು ಚಿತ್ರೀಕರಿಸಿ, ಅದನ್ನು ನೋಡಿ ರಾಜಕುಮಾರನ ಚಲನೆಯನ್ನು ಬರೆದರು. ಆ ಚಲನೆಯೇ ನೆನಪನ್ನೆಲ್ಲ ನುಂಗಿ, ಎದುರಾಳಿಯನ್ನು ಬರೆಯಲು ಜಾಗ ಉಳಿಯಲಿಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ ಅದರ ಮೇಲೆಯೇ ಕೂರಿಸಿ, ಎರಡೂ ಬೇರೆಬೇರೆಯಾಗಿರುವ ಚುಕ್ಕಿಗಳನ್ನಷ್ಟೇ ಹೊತ್ತಿಸಿದಾಗ ಮಿನುಗುವ ನೆರಳಿನ ಮನುಷ್ಯ ಹುಟ್ಟಿದ. ತನ್ನ ನೆರಳಿನೊಡನೆಯೇ ಕಾದಾಡುವ ಆ ದೃಶ್ಯ ಜಾಗದ ಕೊರತೆಯ ಕೂಸು.

ಇಷ್ಟೆಲ್ಲ ಹೇಳಿದರೂ ಆ ಆಟಗಳ ಪ್ರತಿಯೊಂದು ಕಾಟವನ್ನೂ ನಾನು ಸಮರ್ಥಿಸಲಾರೆ. ಕಷ್ಟದಲ್ಲಿ ನ್ಯಾಯವಾದದ್ದು, ಅನ್ಯಾಯವಾದದ್ದು ಎಂಬ ಎರಡು ಬಗೆ ಇವೆ. ಮ್ಯಾನಿಕ್ ಮೈನರ್‌ನಲ್ಲಿ ಒಮ್ಮೆ ನೆಗೆದ ಮೇಲೆ ಗಾಳಿಯಲ್ಲಿ ದಿಕ್ಕು ಬದಲಿಸಲಾಗದು. ಶತ್ರುಗಳು ಯಾವಾಗಲೂ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಸುತ್ತುತ್ತಾರೆ. ಹಾಗಾಗಿ ಪ್ರತಿ ಸಾವಿನಿಂದಲೂ ಏನಾದರೊಂದು ಕಲಿಯಬಹುದು. ಕಡಿಮೆ ಗುಹೆಗಳ ಆಟವನ್ನು ತಿಂಗಳುಗಟ್ಟಲೆ ಬಾಳಿಸುವ ಉಪಾಯವೂ ಅದೇ ಆಗಿತ್ತು. ಜೆಟ್ ಸೆಟ್ ವಿಲ್ಲಿಯಲ್ಲಾದರೋ ಎತ್ತರದಿಂದ ಬೀಳುತ್ತ ಹೊಸ ಕೋಣೆಗೆ ಬಂದು ಸತ್ತರೆ, ಆಟ ನಿಮ್ಮನ್ನು ಮತ್ತೆ ಅದೇ ಪ್ರವೇಶದ ಜಾಗದಲ್ಲಿ ಇಡುತ್ತದೆ. ಮತ್ತೆ ಬೀಳುತ್ತೀರಿ, ಮತ್ತೆ ಸಾಯುತ್ತೀರಿ. ಉಳಿದ ಜೀವಗಳೆಲ್ಲ ಕಣ್ಣೆದುರೇ ಖಾಲಿಯಾಗುತ್ತವೆ. ಅದರಿಂದ ಕಲಿಯುವುದು ಏನೂ ಇಲ್ಲ. ಇಂದು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶದಲ್ಲಿ ಎಲ್ಲಿ ಬೇಕಾದರೂ ಆಟವನ್ನು ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಆರಂಭಿಸಬಹುದು. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: ಅನ್ಯಾಯದ ಜಾಗದಲ್ಲಿ ಆ ಸೌಲಭ್ಯವನ್ನು ಸಂಕೋಚವಿಲ್ಲದೆ ಬಳಸಿ, ನ್ಯಾಯದ ಜಾಗದಲ್ಲಿ ಬಳಸಬೇಡಿ. ಹೆಜ್ಜೆ ಹೆಜ್ಜೆಗೂ ಉಳಿಸುತ್ತ ಹೋದವರು ಅರ್ಧ ಗಂಟೆಯಲ್ಲಿ 20 ಗುಹೆ ದಾಟಿ, ಒಂದು ಗುಹೆಯನ್ನೂ ನೋಡದೆ ಎದ್ದುಹೋಗುತ್ತಾರೆ.

ಕೆಲವು ವರ್ಷಗಳ ಹಿಂದೆ ಊರಿನ ಮನೆಯ ನಾಗಂದಿಗೆಯ ಮೇಲೆ ಆ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಇದ್ದಿಲು ಪುಡಿಯಾಗಿತ್ತು, ನಮ್ಮ ಕೊನೆಗೌಡನ ಕ್ಯಾಸೆಟ್ಟು ಉಳಿದಿತ್ತು. ಟೇಪ್ ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪಿಗೆ ಸದ್ದನ್ನು ಇಳಿಸಿಕೊಂಡು, ಅಲೆಗಳನ್ನು ಬೈಟ್‌ಗಳಾಗಿ ಓದಿಸಿದೆ. ಸುಮಾರು 40 ಸೆಕೆಂಡಿನ ಆ ತುಣುಕು ಕೊನೆಯವರೆಗೂ ಓದಿಸಿಕೊಂಡಿತು, ಆದರೆ ತಾಳೆಯಲ್ಲಿ ಸೊನ್ನೆಯ ಬದಲು 8 ಉಳಿಯಿತು. 8 ಎಂದರೆ ಬಲದಿಂದ ನಾಲ್ಕನೆಯ ಕಂಬಸಾಲು. ಕೆಟ್ಟ ಬಿಟ್ ಆ ಸಾಲಿನಲ್ಲಿದೆ ಎಂದು ತಾಳೆ ಹೇಳುತ್ತದೆ. ಯಾವ ಬೈಟಿನಲ್ಲಿ ಎಂದು ಹೇಳುವುದಿಲ್ಲ. ಅಲೆಗಳ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಸಾವಕಾಶವಾಗಿ ಸರಿಸುತ್ತ ಹೋದಾಗ, ಒಂದು ಕಡೆ ಬೂಷ್ಟು ತಿಂದ ಜಾಗದಲ್ಲಿ ಅಲೆ ತೆಳ್ಳಗಾಗಿ, 0 ಎಂದೂ 1 ಎಂದೂ ಹೇಳಲಾಗದ ಉದ್ದಕ್ಕೆ ಎಳೆದುಕೊಂಡಿತ್ತು. ಎಣಿಸಿ ನೋಡಿದೆ. ಅದು ಒಂದು ಬೈಟಿನ ಬಲದಿಂದ ನಾಲ್ಕನೆಯ ಬಿಟ್. 1 ಎಂದು ಓದಿದ್ದ ಅದನ್ನು 0 ಮಾಡಿದೆ. ತಾಳೆ ಸೊನ್ನೆಗೆ ಬಂತು.

ಅಣ್ಣನಿಗೆ ಫೋನ್ ಮಾಡಿ, ಸ್ಪೀಕರಿನ ಹತ್ತಿರ ಹಿಡಿದು, ಜೀರುಂಡೆಯ ಸದ್ದನ್ನು ಮೊದಲಿನಿಂದ ಕೊನೆಯವರೆಗೂ ಕೇಳಿಸಿದೆ. ಸದ್ದು ನಿಂತಿತು. ಎರಡು ಕೈ ಅಗಲಿಸಿ ಕೊನೆಗೌಡ ಮರದ ಬುಡದಲ್ಲಿ ನಿಂತಿದ್ದ.